ಔಟೊಪ್ರೊಜೆಟ್ಟಾಟ್ಸಿಯೋನೆ
ಔಟೊಪ್ರೊಜೆಟ್ಟಾಟ್ಸಿಯೋನೆ ಎಂಬುದು ಇಟಲಿಯ ವಿನ್ಯಾಸಕಾರ ಎಂಜೊ ಮಾರಿ (1932–2020) ಅವರು 1974ರಲ್ಲಿ ಮುಂದಿಟ್ಟ, ಮನೆಯಲ್ಲಿಯೇ ಮರದ ಪೀಠೋಪಕರಣಗಳನ್ನು ತಯಾರಿಸಿಕೊಳ್ಳುವ ಯೋಜನೆ. ಇಟಾಲಿಯನ್ ಭಾಷೆಯಲ್ಲಿ ಈ ಪದಕ್ಕೆ 'ಸ್ವಯಂ ವಿನ್ಯಾಸ' ಎಂದರ್ಥ.

ಇದರಲ್ಲಿ ಮೇಜು, ಕುರ್ಚಿ, ಬೆಂಚು, ಮಂಚ, ಪುಸ್ತಕದ ಕಪಾಟು ಮೊದಲಾದ 19 ವಿನ್ಯಾಸಗಳಿವೆ. ಇವುಗಳ ತಯಾರಿಕೆಗೆ ಸಾಮಾನ್ಯ ಹಲಗೆ, ಗರಗಸ, ಸುತ್ತಿಗೆ ಮತ್ತು ಮೊಳೆಗಳು ಸಾಕು. ನುರಿತ ಬಡಗಿಯ ನೈಪುಣ್ಯ ಬೇಕಾಗುವುದಿಲ್ಲ.

ಅಂಚೆವೆಚ್ಚವನ್ನು ಕಳುಹಿಸಿದವರಿಗೆ ಮಾರಿಯವರು ನಕ್ಷೆಗಳನ್ನು ಉಚಿತವಾಗಿ ಒದಗಿಸಿದರು. ಕಾರ್ಖಾನೆಗಳು ಹಾಗೂ ವ್ಯಾಪಾರಿಗಳನ್ನು ಹೊರತುಪಡಿಸಿ ಯಾರು ಬೇಕಾದರೂ ಅವುಗಳನ್ನು ಬಳಸಬಹುದೆಂಬುದು ನಿಬಂಧನೆಯಾಗಿತ್ತು. ಅಗ್ಗದ ಪೀಠೋಪಕರಣ ಒದಗಿಸುವುದಷ್ಟೇ ಇದರ ಉದ್ದೇಶವಾಗಿರಲಿಲ್ಲ. ಸ್ವತಃ ತಯಾರಿಸಿದವರು ಮಾರುಕಟ್ಟೆಯ ವಸ್ತುಗಳ ಗುಣಮಟ್ಟವನ್ನು ವಿಮರ್ಶಿಸಲು ಕಲಿಯುತ್ತಾರೆಂಬುದು ಅವರ ನಿಲುವಾಗಿತ್ತು.

2010ರಲ್ಲಿ ಫಿನ್‌ಲೆಂಡಿನ ಆರ್ಟೆಕ್ ಸಂಸ್ಥೆಯು ಇದರಲ್ಲಿನ ಒಂದು ಕುರ್ಚಿಯನ್ನು, ಕೊಂಡವರೇ ಮೊಳೆ ಹೊಡೆದು ಜೋಡಿಸಿಕೊಳ್ಳಬೇಕಾದ ಹಲಗೆಗಳ ರೂಪದಲ್ಲಿ ಮಾರಾಟಕ್ಕೆ ತಂದಿತು.