ಹಾರಲಾರದ ಚಿಟ್ಟೆ

ಕನ್ನಡಿಗರಿಗೆ ರೇಷ್ಮೆಯ ಬಟ್ಟೆ ಹಳೆಯದು, ರೇಷ್ಮೆಯ ಹುಳು ಹೊಸದು. ಇದಕ್ಕೆ ನಮ್ಮ ಮಾತೇ ಸಾಕ್ಷಿ. ಪಟ್ಟೆ, ಪಟ್ಟಾವಳಿ, ಚೀನಾಂಬರ ಮೊದಲಾದ ಉಡುವವರ ಮಾತುಗಳು ಹಳೆಯ ಕಾವ್ಯಗಳನ್ನು ಓದಿದವರಿಗೆ ಪರಿಚಿತ. 'ರೇಷ್ಮೆ' ಎಂಬ ಶಬ್ದವಾದರೋ ಪಾರಸಿಯಿಂದ ಬಂದದ್ದು. ಆದರೆ ಹುಳು ಸಾಕುವ ರೈತ ಆ ಎರವಲು ಶಬ್ದದ ಸುತ್ತ ತನ್ನದೇ ಆದ ಒಂದು ನುಡಿಗಟ್ಟನ್ನು ಕಟ್ಟಿಕೊಂಡ. ಹುಳು ತಿನ್ನುವುದನ್ನು ಬಿಟ್ಟು ಪೊರೆ ಕಳಚಲು ಸುಮ್ಮನಾದರೆ 'ಜ್ವರಕ್ಕೆ ಕೂತಿತು' ಎನ್ನುತ್ತಾನೆ. ಬೆಳೆದು ಗೂಡು ಕಟ್ಟಲು ಸಿದ್ಧವಾದರೆ 'ಹಣ್ಣಾಯಿತು' ಎನ್ನುತ್ತಾನೆ. ಹಣ್ಣಾದ ಹುಳುವನ್ನು ಬಿಡುವ ಬಿದಿರ ತಟ್ಟೆಗೆ 'ಚಂದ್ರಿಕೆ' ಎಂದು ಹೆಸರು. ಈ ಕೊನೆಯ ಹೆಸರನ್ನು ಇಟ್ಟವನು ಯಾರೋ, ಕವಿಯೇ ಇರಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಈ ಮಾತುಗಳು ನಿತ್ಯದ ಬಳಕೆಯವು. ಆದರೆ ಅವು ಸೂಚಿಸುವ ಜೀವಿಯ ವಿಚಿತ್ರವನ್ನು ನಿಂತು ನೋಡುವವರು ಕಡಿಮೆ. ಕಾಡಿನಲ್ಲಿ ಎಲ್ಲಿ ಹುಡುಕಿದರೂ ಸಿಗದ ಪ್ರಾಣಿ ಇದು. ಇದರ ಕಾಡುಮೂಲದ ಬಂಧು ಚೀನಾ ದೇಶದಲ್ಲಿ ಇಂದಿಗೂ ಹಾರಾಡಿಕೊಂಡಿದೆ. ಇದು ಮಾತ್ರ ಐದು ಸಾವಿರ ವರ್ಷಗಳಷ್ಟು ಕಾಲ ಮನುಷ್ಯನ ಮನೆಯಲ್ಲೇ ಇದ್ದು ಹಾರುವುದನ್ನು ಮರೆತಿದೆ. ರೆಕ್ಕೆಗಳಿವೆ, ಪಟಪಟನೆ ಬಡಿಯುತ್ತವೆ; ಮೈ ಮೇಲೇಳುವುದಿಲ್ಲ. ಎಲೆ ತಂದು ಮುಂದೆ ಹಾಕದಿದ್ದರೆ ಹುಳು ಎಲೆಯನ್ನು ಅರಸಿ ಹೋಗುವುದೂ ಇಲ್ಲ. ಹಸು, ನಾಯಿಗಳನ್ನು ಸಾಕುಪ್ರಾಣಿ ಎನ್ನುತ್ತೇವೆ. ಆದರೆ ಮನುಷ್ಯನನ್ನು ಇಷ್ಟು ಸಂಪೂರ್ಣವಾಗಿ ನಂಬಿದ ಪ್ರಾಣಿ ಮತ್ತೊಂದಿಲ್ಲ.

ಮೊಟ್ಟೆಯಿಂದ ಹೊರಬಂದ ಹುಳು ಸುಮಾರು 25 ದಿನಗಳಲ್ಲಿ ತನ್ನ ತೂಕವನ್ನು ಹತ್ತುಸಾವಿರ ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ನಾಲ್ಕು ಜ್ವರ ದಾಟಿದ ಮೇಲಿನ ದಿನಗಳಲ್ಲಿ ಹುಳುಮನೆಯಲ್ಲಿ ನಿಂತರೆ ಎಲೆ ತಿನ್ನುವ ಸದ್ದು ಸೋನೆಮಳೆಯಂತೆ ಕೇಳಿಸುತ್ತದೆ. ಅನಂತರ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಒಂದೇ ಎಳೆಯನ್ನು ಕಡಿಯದೆ ಸುತ್ತಿಕೊಳ್ಳುತ್ತದೆ. ಗೂಡಿನಿಂದ ಹೊರಬಿದ್ದ ಚಿಟ್ಟೆಗೆ ತಿನ್ನುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಉಂಡದ್ದರ ಮೇಲೆ ಕೆಲವು ದಿನ ಬದುಕಿ, ನಾಲ್ಕೈದುನೂರು ಮೊಟ್ಟೆಯಿಟ್ಟು ತೀರಿಕೊಳ್ಳುತ್ತದೆ. ಗಂಡು ಹೆಣ್ಣನ್ನು ಕಂಡುಕೊಳ್ಳುವುದು ವಾಸನೆಯಿಂದ. ಆ ವಾಸನೆಯ ದ್ರವ್ಯವನ್ನು ಬೇರ್ಪಡಿಸಲು ಜರ್ಮನಿಯ ಬುಟೆನಾಂಟ್ ಎಂಬ ರಸಾಯನವಿಜ್ಞಾನಿ ಎರಡು ದಶಕ ದುಡಿದು, ಐದು ಲಕ್ಷ ಹೆಣ್ಣು ಚಿಟ್ಟೆಗಳನ್ನು ಬಳಸಿ, 1959ರಲ್ಲಿ ಕೆಲವೇ ಮಿಲಿಗ್ರಾಂನಷ್ಟನ್ನು ಪಡೆದ. ಕೀಟಗಳು ಪರಸ್ಪರ ಕರೆಯುವ ಇಂಥ ಗಂಧಗಳಲ್ಲಿ ಮನುಷ್ಯನಿಗೆ ಮೊದಲು ದಕ್ಕಿದ್ದು ಇದೇ.

ಚನ್ನಪಟ್ಟಣದ ಬೊಂಬೆಗಳ ಹೊಳಪು ಅರಗಿನದು. ಅರಗೂ ಒಂದು ಕೀಟ ಸ್ರವಿಸಿದ ದ್ರವ್ಯವೇ. ಒಂದೇ ಊರಿನ ಎರಡು ಕಸುಬುಗಳು ಎರಡು ಪುಟ್ಟ ಕೀಟಗಳ ಋಣದಲ್ಲಿರುವುದು ಯೋಚಿಸತಕ್ಕ ವಿಷಯ.

ಮೈಸೂರು ಸೀಮೆಯ ರೇಷ್ಮೆಯ ಚರಿತ್ರೆಯಲ್ಲಿ ಟಿಪ್ಪುಸುಲ್ತಾನನ ಕಾಗದಗಳು ಮುಖ್ಯವಾದ ಆಧಾರ. ಹುಳು ತರಲು ಬಂಗಾಳಕ್ಕೆ ಕಳುಹಿಸಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬಿಬ್ಬರು ಹಿಂದಿರುಗುತ್ತಿರುವಾಗ, 1786ರಲ್ಲಿ, ಸುಲ್ತಾನ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಆಜ್ಞೆ ಉಳಿದಿದೆ. ಹುಳುಗಳನ್ನು ಎಂಥ ಜಾಗದಲ್ಲಿ ಇಡಬೇಕು, ಹೇಗೆ ವೃದ್ಧಿಪಡಿಸಬೇಕು ಎಂಬುದನ್ನು ಬಂದವರಿಂದಲೇ ಕೇಳಿ ತಿಳಿಯತಕ್ಕದ್ದು, ಎಷ್ಟು ಹುಳು ಬಂದವೆಂಬ ಲೆಕ್ಕವನ್ನು ತನಗೆ ಒಪ್ಪಿಸತಕ್ಕದ್ದು ಎಂಬುದು ಅದರ ಸಾರಾಂಶ. ಯುದ್ಧದಿಂದ ಯುದ್ಧಕ್ಕೆ ಓಡಾಡುತ್ತಿದ್ದ ದೊರೆ ಹುಳುಗಳ ತಲೆ ಎಣಿಸಿದ ಪರಿ ಇದು.

ಅನಂತರ ಬಂದದ್ದು ರೋಗಗಳ ಕಾಲ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ಎಂದು ರೋಗಗಳಿಗೂ ನಮ್ಮ ರೈತ ಚೆಂದದ ಹೆಸರುಗಳನ್ನಿಟ್ಟಿದ್ದಾನೆ. ಎಲ್ಲಕ್ಕಿಂತ ಕ್ರೂರವಾದದ್ದು ಗಂಟುರೋಗ. ಪೆಬ್ರಿನ್ ಎಂದು ಅದರ ಪರದೇಶದ ಹೆಸರು. ಅದು ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ; ಮೊಟ್ಟೆ ನೋಡಿದರೆ ತಿಳಿಯುವುದಿಲ್ಲ, ಮನೆ ತುಂಬ ಹುಳು ಬೆಳೆದ ಮೇಲೆ ತಿಳಿಯುತ್ತದೆ. 19ನೆಯ ಶತಮಾನದ ಮಧ್ಯದಲ್ಲಿ ಅದು ಫ್ರಾನ್ಸಿನ ರೇಷ್ಮೆಯನ್ನು ಹಾಳುಗೆಡವಿತು. 1865ರಲ್ಲಿ ಸರ್ಕಾರ ಲೂಯಿ ಪಾಶ್ಚರನನ್ನು ಅಲ್ಲಿಗೆ ಕಳುಹಿಸಿತು. ಅವನು ಕಂಡುಕೊಂಡ ಉಪಾಯ ಬಹು ಸರಳ: ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಹಾಕುವುದು. ಮೈಸೂರಿನಲ್ಲಿಯೂ ಹುಳುಗಳು ಸಾಯುತ್ತಿದ್ದ 1860ರ ದಶಕದಲ್ಲಿ ಡಿ ವೆಕ್ಕಿ ಎಂಬ ಇಟಲಿಯವನು ಜಪಾನಿನಿಂದ ಮೊಟ್ಟೆ ತರಿಸಿ ಪ್ರಯತ್ನಿಸಿದ. ಆ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಷೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿಯ ಬಳಿ ಜಪಾನೀ ತಜ್ಞರನ್ನು ಇರಿಸಿ ರೇಷ್ಮೆ ಕ್ಷೇತ್ರ ನಡೆಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914ರ ಸುಮಾರಿಗೆ, ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞನ ಕೈಕೆಳಗೆ ಚನ್ನಪಟ್ಟಣದಲ್ಲಿ ಸರ್ಕಾರದ ರೇಷ್ಮೆ ಕ್ಷೇತ್ರ ಆರಂಭವಾಯಿತು. ರೋಗರಹಿತ ಮೊಟ್ಟೆ, ಮಿಶ್ರತಳಿ ಎಂಬ ಎರಡು ಹೊಸ ವಿಚಾರಗಳು ನಮ್ಮ ರೈತನ ಹತ್ತಿರ ಬಂದದ್ದು ಇಂಥ ಕ್ಷೇತ್ರಗಳ ಮೂಲಕ.

ಮಿಶ್ರತಳಿಯ ಕಥೆ ಇನ್ನೂ ಕುತೂಹಲಕರ. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು ಮೊದಲಲ್ಲೇ ತೋರಿಸಿದವರಲ್ಲಿ ಜಪಾನಿನ ತೊಯಾಮಾ ಒಬ್ಬ. ಅವನ ಪ್ರಯೋಗಪಶು ರೇಷ್ಮೆಹುಳುವೇ. ಎರಡು ತಳಿಗಳನ್ನು ಕೂಡಿಸಿದ ಮೊದಲ ಸಂತಾನ ತಂದೆತಾಯಿಗಳಿಗಿಂತ ಪುಷ್ಟವಾಗಿರುತ್ತದೆಂದು 1906ರಲ್ಲಿ ಅವನು ಸಾರಿದ. ಅಮೆರಿಕದ ಸಂಕರ ಮುಸುಕಿನ ಜೋಳ ಹೊಲಗಳಿಗೆ ಇಳಿಯುವುದಕ್ಕೆ ಮುಂಚೆಯೇ ಸಂಕರದ ರೇಷ್ಮೆಹುಳು ಜಪಾನಿನ ರೈತನ ಮನೆ ಸೇರಿತ್ತು.

ನಮ್ಮ ನಾಡತಳಿಯನ್ನು 'ಮೈಸೂರು ತಳಿ' ಎನ್ನುತ್ತಾರೆ. ಅದರ ಗೂಡು ಚಿಕ್ಕದು, ಎರಡು ತುದಿಯೂ ಚೂಪು, ಬಣ್ಣ ಹಸಿರು ಬೆರೆತ ಹಳದಿ. ಆ ಬಣ್ಣ ಹಿಪ್ಪುನೇರಳೆ ಎಲೆಯಿಂದಲೇ ಬರುವುದು. ದ್ವಿತಳಿಯ ಬಿಳಿಯ ಗೂಡಿನಿಂದ ಸಾವಿರ ಮೀಟರಿಗೂ ಮೀರಿ ಎಳೆ ಬಿಚ್ಚಿದರೆ, ಇದು ಕೊಡುವುದು ಮುನ್ನೂರು ನಾಲ್ಕುನೂರು ಮೀಟರು. ಲೆಕ್ಕದ ಪುಸ್ತಕದಲ್ಲಿ ಇದು ಬಡವಿ. ಆದರೆ ಸೆಕೆ, ತೇವ, ರೋಗಗಳನ್ನು ತಡೆದುಕೊಳ್ಳುವ ಗಟ್ಟಿತನ ಇದರದು. ಇನ್ನೊಂದು ಗುಣವೂ ಇದೆ. ಚಳಿದೇಶದ ತಳಿಗಳ ಮೊಟ್ಟೆಗಳು ತಿಂಗಳುಗಟ್ಟಲೆ ಮಲಗಿಬಿಡುತ್ತವೆ. ಬೇಗ ಎಬ್ಬಿಸಬೇಕಾದರೆ ಆಮ್ಲದಲ್ಲಿ ಅದ್ದಬೇಕು. ಮೈಸೂರು ತಳಿಯ ಮೊಟ್ಟೆಗೆ ನಿದ್ದೆಯಿಲ್ಲ. ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ, ವರ್ಷವಿಡೀ ಬೆಳೆ ನಡೆಯುತ್ತದೆ. ಮೊಟ್ಟೆ ಮಲಗುವುದೋ ಏಳುವುದೋ ಎಂಬುದು ತಾಯಿಯ ಕಡೆಯಿಂದ ಬರುವ ಗುಣ. ಆದುದರಿಂದ ಮಿಶ್ರತಳಿಯಲ್ಲಿ ತಾಯಿ ಮೈಸೂರಿನದು, ತಂದೆ ದ್ವಿತಳಿಯದು.

ಇಲ್ಲೇ ಒಂದು ತೊಡಕು. ಮಿಶ್ರತಳಿಯ ಪುಷ್ಟಿ ಒಂದೇ ತಲೆಮಾರಿನದು. ಅದರ ಮೊಟ್ಟೆಯನ್ನೇ ಮತ್ತೆ ಬಿತ್ತನೆಗೆ ಇಟ್ಟರೆ ಮುಂದಿನ ಬೆಳೆ ಚದರಿಹೋಗುತ್ತದೆ. ಪ್ರತಿ ಸಲವೂ ಅಚ್ಚ ಮೈಸೂರು ತಳಿಯ ತಾಯಿ ಬೇಕು. ಹಾಗಾದರೆ ಹೆಚ್ಚು ನೂಲು ಕೊಡದ ಆ ತಳಿಯನ್ನು ಸಾಕುವವರು ಯಾರು? ಅದಕ್ಕಾಗಿಯೇ ಕೆಲವು ಹಳ್ಳಿಗಳನ್ನು ಬಿತ್ತನೆ ಪ್ರದೇಶವೆಂದು ಕಾದಿರಿಸಿದರು. ಮಾಗಡಿ, ಕುಣಿಗಲ್ ಕಡೆಗಳು ಅದಕ್ಕೆ ಹೆಸರಾದವು. ಬಿತ್ತನೆ ಮೊಟ್ಟೆ, ಗೂಡುಗಳ ವ್ಯವಹಾರವನ್ನು ಹತೋಟಿಯಲ್ಲಿಡಲು 1959ರಲ್ಲಿ ಕಾನೂನೇ ಬಂತು. ಮಾಗಡಿಯ ಕಡೆಯ ನಮ್ಮ ಸೋದರಮಾವನ ಮನೆಯಲ್ಲಿ ನೂಲಿನ ಮಾತು ಎಂದೂ ಬರುತ್ತಿರಲಿಲ್ಲ. 'ನಮ್ಮ ಗೂಡು ಬಿಚ್ಚೋದಕ್ಕಲ್ಲಪ್ಪ, ಬಿತ್ತೋದಕ್ಕೆ' ಎಂದು ಅವರು ಹೇಳುತ್ತಿದ್ದುದರಲ್ಲಿ ತುಸು ಗರ್ವವೂ ಇತ್ತು. ಗರ್ವಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳಲಾರೆ.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹಳದಿಯ ಮಿಶ್ರತಳಿಯೂ ಬಿಳಿಯ ದ್ವಿತಳಿಯೂ ಹರಾಜಾಗುತ್ತವೆ. ಸರ್ಕಾರದ ಒಲವು ಬಿಳಿಯದರ ಕಡೆಗಿದೆ. ಅದು ತಪ್ಪೆಂದು ನನ್ನ ವಾದವಲ್ಲ. ಆದರೆ ಬೇಡವಾದ ಹಸುವಿನ ತಳಿಯಾದರೂ ಯಾರದೋ ಕೊಟ್ಟಿಗೆಯಲ್ಲಿ ನಾಲ್ಕು ಕಾಲ ಉಳಿದೀತು. ಎರಡು ತಿಂಗಳಿಗೊಂದು ತಲೆಮಾರು ಮುಗಿಸುವ, ಕಾಡಿನ ದಾರಿಯನ್ನೇ ಮರೆತ ಹುಳುವನ್ನು ಎರಡು ತಿಂಗಳು ಯಾರೂ ಸಾಕದಿದ್ದರೆ ಅದರ ವಂಶ ಅಲ್ಲಿಗೆ ಮುಗಿಯಿತು. ಮಿಶ್ರತಳಿ ನಡೆಯುವವರೆಗೆ ಮಾಗಡಿಯ ಕಡೆಯ ಆ ಬಡ ತಾಯಿ ಇರಲೇಬೇಕು.

ಬಿತ್ತನೆ ಗೂಡು ಕೋಠಿಗಳಿಗೆ ಬರುತ್ತದೆ. ಬೆಳಗಿನ ಹೊತ್ತು ಚಿಟ್ಟೆಗಳು ಹೊರಬೀಳುತ್ತವೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು, ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡುತ್ತಾರೆ. ಕಣ ಕಾಣದಿದ್ದರೆ ಮೊಟ್ಟೆ ರೈತನ ಮನೆಗೆ ಹೊರಡುತ್ತದೆ.