ನೆಲದಡಿಯ ತಂತಿಯ ನಾಡಿ ಹಿಡಿದ ಸೇತುವೆ

ನಾವು ಬಿಡಾರ ಹೂಡಿರುವ ಈ ಸಯನ್ನಿಗೆ ಮರಾಠಿಯಲ್ಲಿ ‘ಶೀವ’ ಎಂದು ಹೆಸರು. ಶೀವ ಎಂದರೆ ಗಡಿ. ಮುಂಬಯಿ ದ್ವೀಪ ಮುಗಿದು ಸಾಷ್ಟಿ ಮೊದಲಾಗುವ ಎಡೆ. ವಿದ್ಯುತ್ತಿಗೂ ಇದು ಗಡಿಯೇ. ಬೆಸ್ಟ್ ಸಂಸ್ಥೆಯ ಸರಬರಾಜು ಕೊಲಾಬಾದಿಂದ ಹೊರಟು ಸಯನ್, ಮಾಹೀಮುಗಳಲ್ಲಿ ನಿಲ್ಲುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಕಂಬಗಳ ಮೇಲೆ ಒಯ್ದ ನಾಡಿನವರು ನಾವು. ಇಲ್ಲಿಯಾದರೋ ಅದು ಬಹುಮಟ್ಟಿಗೆ ನೆಲದಡಿಯ ಕೇಬಲ್ಲಿನಲ್ಲಿ ಹರಿಯುತ್ತದೆ. ಕಂಬದ ತಂತಿ ಕಡಿದರೆ ಕಣ್ಣಿಗೆ ಕಾಣುತ್ತದೆ. ಮಳೆಗಾಲದಲ್ಲಿ ಕೇಬಲ್ಲಿನೊಳಗೆ ನೀರಿಳಿದರೆ ಕಾಣುವ ಬಗೆ ಹೇಗೆ? ಬೀದಿಯುದ್ದಕ್ಕೂ ಅಗೆಯಬೇಕೇ?

ಬೇಕಿಲ್ಲ. ಇದಕ್ಕೊಂದು ಹಳೆಯ ಉಪಾಯವುಂಟು.

ಇಂಗ್ಲೆಂಡಿನ ವೂಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಗಣಿತ ಕಲಿಸುತ್ತಿದ್ದ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ಎಂಬವರು ತಂತಿಗಳ ವಾಹಕಶಕ್ತಿಯನ್ನು ಹೋಲಿಸಲು ಒಂದು ಜೋಡಣೆಯನ್ನು 1833ರಲ್ಲಿ ಪ್ರಕಟಿಸಿದರು. ಅದನ್ನು ಗಮನಿಸಿದವರು ಕಡಮೆ. ಹತ್ತು ವರ್ಷಗಳ ತರುವಾಯ, 1843ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರೊಫೆಸರ್ ಚಾರ್ಲ್ಸ್ ವೀಟ್‌ಸ್ಟನ್ನರು ಅದನ್ನು ಬಳಕೆಗೆ ತಂದರು. ಮೂಲ ಕಲ್ಪನೆ ಕ್ರಿಸ್ಟಿಯವರದೆಂದು ತಮ್ಮ ಪ್ರಬಂಧದಲ್ಲೇ ಒಪ್ಪಿದರು. ಲೋಕವು ಮಾತ್ರ ಅದನ್ನು ‘ವೀಟ್‌ಸ್ಟನ್ ಸೇತುವೆ’ ಎಂದೇ ಕರೆಯಿತು.

ಅದರ ತತ್ತ್ವ ಕಿರಾಣಿ ಅಂಗಡಿಯ ತಕ್ಕಡಿಯದೇ. ನಾಲ್ಕು ರೋಧಗಳನ್ನು ಚೌಕವಾಗಿ ಜೋಡಿಸುವುದು. ಎದುರುಬದುರಾದ ಎರಡು ಮೂಲೆಗಳಿಗೆ ಬ್ಯಾಟರಿ, ಉಳಿದೆರಡಕ್ಕೆ ಗ್ಯಾಲ್ವನೊಮೀಟರು. ಮೂರು ರೋಧಗಳು ತಿಳಿದವು, ನಾಲ್ಕನೆಯದು ತಿಳಿಯದು. ತಿಳಿದವುಗಳಲ್ಲಿ ಒಂದನ್ನು ಹೆಚ್ಚುಕಡಮೆ ಮಾಡುತ್ತ ಹೋದರೆ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ. ಆಗ ಒಂದು ಬದಿಯ ಜೋಡಿಯ ಪ್ರಮಾಣವೇ ಇನ್ನೊಂದು ಬದಿಯ ಜೋಡಿಯ ಪ್ರಮಾಣ. ಒಂದು ಬದಿಯಲ್ಲಿ 100 ಮತ್ತು 10 ಓಮ್ ಇದ್ದು, ಇನ್ನೊಂದರಲ್ಲಿ 370 ಓಮಿಗೆ ತೂಕ ಸರಿಹೋದರೆ, ತಿಳಿಯದ್ದು 37 ಓಮ್. ಬ್ಯಾಟರಿ ತುಸು ಕುಂದಿದರೂ ಲೆಕ್ಕ ಕೆಡದು; ಸೊನ್ನೆ ಸೊನ್ನೆಯೇ. ನಮ್ಮ ಮಕ್ಕಳು ಕಾಲೇಜಿನಲ್ಲಿ ಒಂದು ಮೀಟರು ತಂತಿಯ ಹಲಗೆಯ ಮೇಲೆ ಮಾಡುವ ಪ್ರಯೋಗವೂ ಇದೇ.

1870ರ ಫೆಬ್ರವರಿಯಲ್ಲಿ ‘ಗ್ರೇಟ್ ಈಸ್ಟರ್ನ್’ ಹಡಗು ಮುಂಬಯಿಯಿಂದ ಏಡನ್ನಿನ ಕಡೆಗೆ ಸಮುದ್ರದಡಿಯಲ್ಲಿ ತಂತಿ ಹಾಸುತ್ತ ಹೊರಟಿತು. ಸಮುದ್ರದ ತಳವನ್ನು ಅಗೆದು ನೋಡುವವರಾರು? ಅಂಥ ತಂತಿಗಳ ದೋಷವನ್ನು ದಡದಲ್ಲಿ ಕುಳಿತೇ ರೋಧವನ್ನಳೆದು ಕಂಡುಹಿಡಿಯುವ ವಿದ್ಯೆ ಆ ಕಾಲದಲ್ಲಿ ಬೆಳೆಯಿತು. ನೆಲದ ಕೇಬಲ್ಲುಗಳಿಗೂ ಅದೇ ವಿದ್ಯೆ ಒದಗಿತು. ಕೆಟ್ಟ ತಂತಿಯನ್ನು ಅದೇ ಉದ್ದದ, ಅದೇ ದಪ್ಪದ ಒಳ್ಳೆಯ ತಂತಿಗೆ ಆಚೆ ತುದಿಯಲ್ಲಿ ಕೂಡಿಸುತ್ತಾರೆ. ದೋಷದ ಸ್ಥಳವು ಆ ಕುಣಿಕೆಯನ್ನು ಎರಡು ಭಾಗ ಮಾಡುತ್ತದೆ. ಅವೇ ಸೇತುವೆಯ ಎರಡು ತೋಳುಗಳು. ಕೇಬಲ್ಲು 1000 ಮೀಟರು ಇದ್ದರೆ ಕುಣಿಕೆ 2000 ಮೀಟರು. ಸಮತೂಕದಲ್ಲಿ ಪ್ರಮಾಣವು 3ಕ್ಕೆ 7 ಎಂದು ಬಂದರೆ, ಕೆಟ್ಟ ತಂತಿಯ ಈಚೆ ತುದಿಯಿಂದ 600 ಮೀಟರಿನಲ್ಲಿ ಗುದ್ದಲಿ ಹಾಕಬಹುದು. ಸೋರಿಕೆ ಎಷ್ಟೆಂಬುದು ಬೇಕಿಲ್ಲ, ಎಲ್ಲಿ ಎಂಬುದಷ್ಟೇ ಸಾಕು. ಈ ರೀತಿಗೆ ಮರೆ ಕುಣಿಕೆ ಪರೀಕ್ಷೆ ಎಂದು ಹೆಸರು.

ಈಗ ಕೇಬಲ್ಲಿನೊಳಕ್ಕೆ ವಿದ್ಯುತ್ತಿನ ಮಿಡಿತವನ್ನು ಕಳಿಸಿ ಮರುದನಿಯನ್ನು ನೋಡುವ ಯಂತ್ರಗಳೂ ಬಂದಿವೆ. ಆದರೂ ಸೇತುವೆ ಮೂಲೆಗೆ ಬಿದ್ದಿಲ್ಲ. ತಿಳಿಯದ್ದನ್ನು ತಿಳಿದುದರೊಡನೆ ತೂಗಿ ಅರಿಯುವ ಈ ಉಪಾಯವನ್ನು ಮಕ್ಕಳಿಗೆ ಹೇಳುವಾಗ ನಾವು ವೀಟ್‌ಸ್ಟನ್ನರ ಹೆಸರಿನೊಡನೆ ಕ್ರಿಸ್ಟಿಯವರ ಹೆಸರನ್ನೂ ಹೇಳೋಣ. ವೀಟ್‌ಸ್ಟನ್ನರು ಬಯಸಿದ್ದೂ ಅದನ್ನೇ ಅಲ್ಲವೇ?