ಭಟ್ಕಳಕ್ಕೆ ಹೋದಾಗ ಏನು ನೋಡಬೇಕು, ಏನು ಕೇಳಬೇಕು?



ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಶಾಲೆಗಳ ಪ್ರವಾಸದ ಬಸ್ಸುಗಳು ಕರಾವಳಿಯತ್ತ ಹೊರಡುತ್ತವೆ. ಜೋಗ, ಗೋಕರ್ಣ, ಮುರುಡೇಶ್ವರ ನೋಡಿ, ಸಮುದ್ರದಲ್ಲಿ ಕಾಲು ತೋಯಿಸಿಕೊಂಡು, ಫೋಟೋ ತೆಗೆಸಿಕೊಂಡು ಮಕ್ಕಳು ಮರಳುತ್ತಾರೆ. ಮುರುಡೇಶ್ವರದಿಂದ ದಕ್ಷಿಣಕ್ಕೆ ಸುಮಾರು 15 ಕಿ.ಮೀ. ಹೋದರೆ ಭಟ್ಕಳ. ಅಲ್ಲಿ ಮಾತ್ರ ನಮ್ಮ ಬಸ್ಸು ನಿಲ್ಲುವುದು ಅಪರೂಪ. ನಿಂತರೂ ಚಹಾ ಕುಡಿಯಲು. ಆ ಊರಿನ ಹೆಸರನ್ನು ಪತ್ರಿಕೆಯಲ್ಲಿ ಓದಿದವರು ನಮ್ಮಲ್ಲಿ ಬಹಳ, ಊರನ್ನು ಕಣ್ಣಾರೆ ಕಂಡವರು ಕಡಿಮೆ. ಈ ಸಲ ಒಂದು ಪೂರ್ತಿ ದಿನವನ್ನು ಭಟ್ಕಳಕ್ಕೆ ಕೊಡಿ ಎಂದು ಕೇಳಿಕೊಳ್ಳಲು ಈ ಲೇಖನ.

ಹೊರಡುವ ಮುನ್ನ

ಮೊದಲು ಒಂದು ಮಾತು ತಿಳಿದಿರಲಿ. ಕರಾವಳಿ ನಮಗೆ ಹೊಸ ನಂಟಲ್ಲ. ಆದಿಲಶಾಹಿಗಳ ಕಾಲದಲ್ಲಿ ನಮ್ಮ ಅಥಣಿಯು ಬಿಜಾಪುರ ಮತ್ತು ಗೋವಾ ನಡುವಿನ ದಾರಿಯ ದೊಡ್ಡ ಪೇಟೆಯಾಗಿತ್ತು. 17ನೇ ಶತಮಾನದ ಯುರೋಪಿನ ಬರಹಗಳಲ್ಲಿ ಅದರ ಹೆಸರು ಬರುತ್ತದೆ. ಅದೇ ಶತಮಾನದಲ್ಲಿ ಇಂಗ್ಲಿಷ್ ವ್ಯಾಪಾರಿಗಳು ನಮ್ಮ ರಾಯಬಾಗದ ಪೇಟೆಯಲ್ಲಿ ಕರಿಮೆಣಸು ಕೊಂಡು ಕೊಂಕಣದ ರಾಜಾಪುರ ಬಂದರಿಗೆ ಸಾಗಿಸುತ್ತಿದ್ದರು. ಒಳನಾಡಿನ ಪೇಟೆಗೆ ಬಂದರು ಬೇಕು, ಬಂದರಿಗೆ ಒಳನಾಡು ಬೇಕು. ಬಿಜಾಪುರಕ್ಕೆ ದಾಭೋಳ, ರಾಜಾಪುರಗಳು ಹೇಗೋ ವಿಜಯನಗರಕ್ಕೆ ಭಟ್ಕಳ ಹಾಗೆ.

ಇನ್ನೊಂದು ನಂಟೂ ಇದೆ. ಭಟ್ಕಳವಿರುವ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅಲ್ಲಿಂದ 1956ರವರೆಗೆ ಅವರೂ ನಾವೂ ಒಂದೇ ಮುಂಬಯಿ ಆಡಳಿತದಲ್ಲಿದ್ದೆವು. 1956ರಲ್ಲಿ ಒಟ್ಟಿಗೇ ಮೈಸೂರು ರಾಜ್ಯಕ್ಕೆ ಬಂದೆವು.

ದಾರಿಯಲ್ಲಿ: ಹೊನ್ನಾವರದ ಸೇತುವೆ

ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ಕುಮಟಾ ಮಾರ್ಗವಾಗಿ ಹೊನ್ನಾವರ ತಲುಪಿದಾಗ ಶರಾವತಿಯ ಸೇತುವೆಯ ಬಳಿ ಸುರಕ್ಷಿತ ಜಾಗ ನೋಡಿ ಹತ್ತು ನಿಮಿಷ ನಿಲ್ಲಿರಿ. ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ದೆಹಲಿ ಬಿಟ್ಟು ಪಶ್ಚಿಮ ಕರಾವಳಿಗೆ ಬಂದಾಗ ಈ ಊರಿನಲ್ಲಿ ತಂಗಿದ್ದನು. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇದ್ದವೆಂದೂ, ಇಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಬಲ್ಲವರೆಂದೂ ಅವನು ಬರೆದಿಟ್ಟಿದ್ದಾನೆ. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದು ಆಶ್ಚರ್ಯಪಟ್ಟಿದ್ದಾನೆ.

ವಿದ್ಯಾರ್ಥಿನಿಯರೇ, ಈ ಲೆಕ್ಕವನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಹೆಣ್ಣುಮಕ್ಕಳ ಶಾಲೆ ನಿನ್ನೆ ಮೊನ್ನೆ ಬಂದ ಹೊಸ ವಿಚಾರವೆಂದು ಯಾರಾದರೂ ಹೇಳಿದರೆ, ಸುಮಾರು 680 ವರ್ಷಗಳ ಹಿಂದಿನ ಈ ಸಾಕ್ಷಿಯನ್ನು ಮುಂದಿಡಿ.

ಬಂದರಿನಲ್ಲಿ ನಿಂತು

ಭಟ್ಕಳ ಸೇರಿದ ಕೂಡಲೇ ಮೊದಲು ಬಂದರಿಗೆ ಹೋಗಿ. ಶರಾಬಿ ಹೊಳೆ ಸಮುದ್ರ ಸೇರುವ ಜಾಗವದು. ಈಗ ಕಾಣುವುದು ಮೀನುಗಾರರ ದೋಣಿಗಳು, ಬಲೆಗಳು, ದೀಪಸ್ತಂಭ. ಇಷ್ಟೇನಾ ಎಂದು ನಿಮಗೆ ಅನ್ನಿಸಬಹುದು. ಆದರೆ 500 ವರ್ಷಗಳ ಹಿಂದೆ ಇಲ್ಲಿ ಹೊರ್ಮುಜ್‌ನಿಂದ ಬಂದ ಹಡಗುಗಳಿಂದ ಅರಬ್ಬೀ ಕುದುರೆಗಳು ಇಳಿಯುತ್ತಿದ್ದವು. ದಖ್ಖನಿನಲ್ಲಿ ಯುದ್ಧಕ್ಕೆ ತಕ್ಕ ಒಳ್ಳೆಯ ತಳಿಯ ಕುದುರೆ ಸಾಕಷ್ಟು ಬೆಳೆಯುತ್ತಿರಲಿಲ್ಲ. ಆದ್ದರಿಂದ ಕುದುರೆ ಯಾರ ಕೈಯಲ್ಲಿದೆಯೋ ಅವರದೇ ಸೈನ್ಯ ಗಟ್ಟಿ. ವಿಜಯನಗರದ ಅರಸರಿಗೆ ಈ ಬಂದರು ಅಷ್ಟು ಮುಖ್ಯವಾಗಿದ್ದುದು ಇದರಿಂದಲೇ. ಕುದುರೆ, ಮುತ್ತು ತಂದ ಹಡಗುಗಳು ಮರಳುವಾಗ ಅಕ್ಕಿ, ಸಕ್ಕರೆ, ಕಬ್ಬಿಣ ಒಯ್ಯುತ್ತಿದ್ದವೆಂದು 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ ಹೇಳಿದ್ದಾನೆ. ಕಬ್ಬಿನ ನಾಡಿನವರಾದ ನಾವು ಆ ಸಕ್ಕರೆಯ ಮಾತನ್ನು ಗಮನಿಸಬೇಕು.

ಈ ವೈಭವ ಹೇಗೆ ಹೋಯಿತು? 1502ರಲ್ಲಿ ವಾಸ್ಕೋ ಡ ಗಾಮಾ ತನ್ನ ಎರಡನೆಯ ಪ್ರಯಾಣದಲ್ಲಿ ಭಟ್ಕಳದ ಮೇಲೆ ದಾಳಿ ಮಾಡಿ ಅಕ್ಕಿಯ ಕಪ್ಪ ಹೇರಿದನು. 1510ರಲ್ಲಿ ಆಲ್ಬುಕರ್ಕ್ ಬಿಜಾಪುರದ ಆದಿಲಶಾಹಿಗಳಿಂದ ಗೋವಾ ಕಸಿದುಕೊಂಡ ಮೇಲೆ ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ಗೋವಾಕ್ಕೆ ತಿರುಗಿಸಿದರು. 1542ರಲ್ಲಿ ಗವರ್ನರ್ ಮಾರ್ಟಿಂ ಅಫೊನ್ಸೊ ಡ ಸೌಸಾ ಊರನ್ನೇ ಸೂರೆ ಮಾಡಿದನು. ಹೀಗೆ ಹಡಗು ಹೋಯಿತು, ಕುದುರೆ ಹೋಯಿತು, ಸುಂಕದ ಹಣ ಹೋಯಿತು. ಹಾಗಾದರೆ ಉಳಿದದ್ದೇನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಊರೊಳಗೆ ನಡೆಯಿರಿ.

ಹೆಸರಿನ ಕಥೆ, ಕಲ್ಲಿನ ಸಾಕ್ಷಿ

ಭಟ್ಟಾಕಳಂಕನಿಂದ ಭಟ್ಕಳ ಎಂಬ ಹೆಸರು ಬಂತೆಂದು ನಿಮಗೆ ಅಲ್ಲಿ ಹೇಳುವವರು ಸಿಗುತ್ತಾರೆ. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನ ಎಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಜೈನ ವಿದ್ವಾಂಸ ಭಟ್ಟಾಕಳಂಕ. ಭಟ್ಕಳದ ಸಮೀಪದ ಹಾಡುವಳ್ಳಿಯ ಮಠಕ್ಕೂ ಅವನಿಗೂ ಸಂಬಂಧವಿತ್ತು. ಆದರೆ ಸ್ವಲ್ಪ ಲೆಕ್ಕ ಹಾಕಿ. ವಾಸ್ಕೋ ಡ ಗಾಮಾ ಬಂದದ್ದು 1502ರಲ್ಲಿ. ಪೋರ್ಚುಗೀಸರು ಆಗಲೇ ಊರನ್ನು ಬಟಿಕಲಾ ಎಂದು ಕರೆಯುತ್ತಿದ್ದರು. ನೂರು ವರ್ಷಗಳ ನಂತರ ಗ್ರಂಥ ಬರೆದವನಿಂದ ಊರಿಗೆ ಹೆಸರು ಬಂದಿರಲು ಸಾಧ್ಯವೇ? ಕೇಳಿದ ಕಥೆಯನ್ನು ಗೌರವದಿಂದ ಕೇಳಿರಿ, ಆದರೆ ಇಸವಿಯನ್ನು ಪಕ್ಕದಲ್ಲಿಟ್ಟು ತೂಗಿರಿ. ಇತಿಹಾಸದ ಮೊದಲ ಪಾಠವೇ ಇದು.

ನಂತರ ಪೇಟೆಯಲ್ಲಿರುವ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಗೆ ಹೋಗಿ. ನಮ್ಮ ಕಡೆ ಬಸ್ತಿ ಎನ್ನುತ್ತೇವಲ್ಲ, ಅದೇ. ರಾಯಬಾಗ, ಕಾಗವಾಡ, ಶೇಡಬಾಳಗಳ ಬಸ್ತಿಗಳನ್ನು ನೋಡಿದವರಿಗೆ ಇಲ್ಲಿನ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಛಾವಣಿಯನ್ನು ಇಳಿಜಾರಾದ ಕಲ್ಲಿನ ಹಾಸುಗಳಿಂದ ಮಾಡಿದ್ದಾರೆ. ಮರದ ಮನೆಯನ್ನು ಕಲ್ಲಿನಲ್ಲಿ ಕಟ್ಟಿದಂತೆ ಕಾಣುತ್ತದೆ. ನಮ್ಮ ಬಯಲುಸೀಮೆಯ ಮಳೆಗೂ ಅಲ್ಲಿನ ಮುಂಗಾರಿಗೂ ಇರುವ ಅಂತರವನ್ನು ಆ ಛಾವಣಿಯೇ ಹೇಳುತ್ತದೆ. ಮೂಡಭಟ್ಕಳದಲ್ಲಿರುವ ಕೇತಪೈ ನಾರಾಯಣ ದೇವಸ್ಥಾನವೂ 16ನೇ ಶತಮಾನದ್ದೇ. ಅದರ ಗೋಡೆಯಲ್ಲಿ ರಾಮಾಯಣದ ಪ್ರಸಂಗಗಳ ಕೆತ್ತನೆಗಳಿವೆ. ಅವಸರ ಮಾಡದೆ ಒಂದು ಸುತ್ತು ಬನ್ನಿ.

ಆ ಶತಮಾನದ ಉತ್ತರಾರ್ಧದಲ್ಲಿ ಈ ಭಾಗವನ್ನು ಆಳಿದವಳು ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದು ಕರೆದರು. ಜೈನ ರಾಣಿಯ ಆಳ್ವಿಕೆ, ಅರಬ್ ಹಡಗು, ಕೊಂಕಣಿ ವರ್ತಕ, ನವಾಯತ ದಲಾಲಿ, ಇವರೆಲ್ಲ ಒಂದೇ ಬಂದರಿನಲ್ಲಿ ಬದುಕು ಕಟ್ಟಿಕೊಂಡಿದ್ದರು. ಬಸದಿಯಿಂದ ದೇವಸ್ಥಾನಕ್ಕೂ ಅಲ್ಲಿಂದ ಮಸೀದಿಗೂ ಒಂದೇ ದಿನದಲ್ಲಿ ನೀವು ಹೋಗಿಬರಬಹುದಾದರೆ ಅದಕ್ಕೆ ಕಾರಣ ಆ ಹಳೆಯ ಕೂಡುಬಾಳು.

ಹಳೆಯ ಬೀದಿಗಳಲ್ಲಿ

ಮಧ್ಯಾಹ್ನ ಜಾಮಿಯಾ ಮಸೀದಿಯ ಸುತ್ತಲಿನ ಹಳೆಯ ಕೇರಿಗಳಲ್ಲಿ ನಡೆಯಿರಿ. ಜನ ಇದನ್ನು ಚಿನ್ನದ ಪಳ್ಳಿ ಎಂದೂ ಕರೆಯುತ್ತಾರೆ. ಬೀದಿಯಲ್ಲಿ ಕಿವಿಗೆ ಬೀಳುವ ಮಾತು ನಮ್ಮ ದಖನಿಯಲ್ಲ, ನವಾಯತಿ. ಕೊಂಕಣಿಯ ಬುನಾದಿ, ಅದರ ಮೇಲೆ ಅರಬ್ಬೀ, ಫಾರಸಿ ಪದಗಳು, ಬರೆಯುವುದು ಉರ್ದು ಲಿಪಿಯಲ್ಲಿ.

ನಮಾಜಿನ ವೇಳೆಯಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬರುತ್ತದೆ. ನಮ್ಮ ಕಡೆ ಹೆಚ್ಚಿನವರು ಹನಫಿ ಪದ್ಧತಿಯವರು, ನವಾಯತರು ಶಾಫಿ ಪದ್ಧತಿಯವರು. ಅವರ ಅಸರ್ ವೇಳೆ ನಮಗಿಂತ ಮೊದಲೇ ಆಗುತ್ತದೆ. ಹೊನ್ನಾವರದ ಜನ ಶಾಫಿಗಳೆಂದು ಇಬ್ನ್ ಬತೂತನೂ ಬರೆದಿದ್ದಾನೆ. ಕೇರಳದಲ್ಲೂ, ದೂರದ ಇಂಡೋನೇಷ್ಯಾದಲ್ಲೂ ಇದೇ ಪದ್ಧತಿ. ನಮ್ಮಲ್ಲಿಗೆ ಇಸ್ಲಾಮ್ ಹೆಚ್ಚಾಗಿ ಭೂಮಾರ್ಗದಿಂದ ಬಂದರೆ ಇವರಲ್ಲಿಗೆ ಹಡಗಿನಲ್ಲಿ ಬಂತು. ಗಡಿಯಾರದ ಆ ಸಣ್ಣ ವ್ಯತ್ಯಾಸದ ಹಿಂದೆ ಇಡೀ ಹಿಂದೂ ಮಹಾಸಾಗರದ ಚರಿತ್ರೆ ಇದೆ.

ಊಟಕ್ಕೆ ಭಟ್ಕಳಿ ಬಿರಿಯಾನಿ ಮರೆಯಬೇಡಿ. ಅಕ್ಕಿಯ ಬದಲು ಶಾವಿಗೆಯಲ್ಲಿ ಮಾಡುವ ಬಗೆಯೂ ಉಂಟು. ಹಿಂದಿರುಗುವಾಗ ತಾಯಿಗೆ, ಅಕ್ಕತಂಗಿಯರಿಗೆ ಭಟ್ಕಳ ಮಲ್ಲಿಗೆ ಕೊಳ್ಳಿರಿ. ಪ್ರಾರ್ಥನೆಯ ಸ್ಥಳ ಯಾರದೇ ಆಗಿರಲಿ, ಒಳಗೆ ಹೋಗುವ ಮುನ್ನ ಅನುಮತಿ ಕೇಳಿ. ಮನೆಗಳ, ಹೆಣ್ಣುಮಕ್ಕಳ ಫೋಟೋ ತೆಗೆಯಬೇಡಿ.

ಕೊನೆಯ ನಿಲ್ದಾಣ

ಸಂಜೆಯ ಹೊತ್ತಿಗೆ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯ ಕಾಲೇಜುಗಳ ಕಡೆಗೆ ಹೋಗಿ. 1919ರಲ್ಲಿ, ಬಂದರಿನ ವೈಭವ ಎಂದೋ ಮುಗಿದಿದ್ದ ಊರಿನಲ್ಲಿ, ಕೆಲವು ಮಂದಿ ಸೇರಿ ಆರಂಭಿಸಿದ ಸಂಸ್ಥೆಯಿದು. 1980ರಲ್ಲಿ ಅದು ಇಂಜಿನಿಯರಿಂಗ್ ಕಾಲೇಜನ್ನೇ ತೆರೆಯಿತು. ಭಟ್ಕಳದ ಮಕ್ಕಳು ಇಂದಿಗೂ ಸಮುದ್ರದಾಚೆ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುತ್ತಾರೆ. ಹಿಂದೆ ಕುದುರೆ ಬರುತ್ತಿದ್ದ ದಾರಿಯಲ್ಲಿ ಈಗ ಸಂಬಳ ಬರುತ್ತದೆ.

ಬಂದರಿನಲ್ಲಿ ಕೇಳಿಕೊಂಡ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಹಡಗು ಉಳಿಯಲಿಲ್ಲ, ಸುಂಕ ಉಳಿಯಲಿಲ್ಲ. ಗಳಿಸಿದ ಹಣದಲ್ಲಿ ಯಾವುದು ಕಲ್ಲಾಗಿ, ಗ್ರಂಥವಾಗಿ, ಶಾಲೆಯಾಗಿ ಮಾರ್ಪಟ್ಟಿತೋ ಅಷ್ಟು ಮಾತ್ರ ಉಳಿಯಿತು.

ನಮ್ಮಲ್ಲಿಯೂ ನಿಪ್ಪಾಣಿಯ ತಂಬಾಕಿನ ಹಣ, ಕೃಷ್ಣೆಯ ದಂಡೆಯ ಕಬ್ಬಿನ ಹಣ, ಅಥಣಿಯ ಚಪ್ಪಲಿಯ ಹಣ ಕೈಯಿಂದ ಕೈಗೆ ಹರಿದಿದೆ. ಬೀಡಿ ಕಟ್ಟಿದ ನಮ್ಮ ತಾಯಂದಿರ ಬೆವರು ಅದರಲ್ಲಿದೆ. ಅದರಲ್ಲಿ ಎಷ್ಟು ಶಾಲೆಯಾಯಿತು, ಎಷ್ಟು ಮದುವೆಯ ಮಂಟಪದಲ್ಲಿ ಕರಗಿತು? ಹಿರಿಯರು ಇದನ್ನು ಲೆಕ್ಕ ಹಾಕಲಿ. ವಿದ್ಯಾರ್ಥಿಗಳೇ, ನಿಮಗೆ ಬೇರೆ ಕೆಲಸವಿದೆ. ಮರಳಿ ಬಂದ ಮೇಲೆ ಅದೇ ಕಣ್ಣಿನಿಂದ ನಿಮ್ಮ ಊರನ್ನು ನೋಡಿರಿ. ಬಸ್ತಿಯ ಶಾಸನ, ದರ್ಗಾದ ಕಲ್ಲು, ಪೇಟೆಯ ಹಳೆಯ ಓಣಿಯ ಹೆಸರು, ಅಜ್ಜಿ ಹೇಳುವ ಕಥೆ, ಎಲ್ಲವನ್ನೂ ಬರೆದಿಡಿ. ಬರೆದದ್ದನ್ನು ಮುಂದಿನ ವರ್ಷದ ಸಂಚಿಕೆಗೆ ಕಳಿಸಿರಿ. ಭಟ್ಕಳದ ಪ್ರವಾಸ ಅಂದಿಗೆ ಪೂರ್ಣವಾದಂತೆ.